ಹಿಡಿದದ್ದನ್ನು ಬಿಡದ ಕೈ

ಇಪ್ಪತ್ತೆರಡು ವರ್ಷ ಕ್ರೇನ್ ನಡೆಸಿದ ಅವನನ್ನು ಕೆಲಸದ ಜಾಗದಲ್ಲಿ ಎಲ್ಲರೂ ಹದ್ದು ಎಂದೇ ಕರೆಯುತ್ತಿದ್ದರು. ಏಳುತ್ತಿದ್ದ ಕಟ್ಟಡಕ್ಕಿಂತ ಎತ್ತರದ ಗಾಜಿನ ಗೂಡಿನಲ್ಲಿ ಅವನು. ಕೆಳಗೆ ವಾಕಿಟಾಕಿ ಹಿಡಿದು ದಾರಿ ಹೇಳಲು ಅವನ ಹೆಂಡತಿಯ ತಮ್ಮ. ಇಬ್ಬರೂ ಸೇರಿದರೆ ಎರಡು ಟನ್ ಕಬ್ಬಿಣವನ್ನು ಮೊಟ್ಟೆ ಇಟ್ಟಂತೆ ಇಳಿಸುತ್ತಾರೆ ಎಂಬ ಮಾತಿತ್ತು.

ಆ ಸೋಮವಾರ ಬೆಳಿಗ್ಗೆ ಕಂಬಿಗಳ ಕಟ್ಟು ಮೇಲೆ ತೂಗುತ್ತಿತ್ತು. ಕ್ರೇನಿನ ತೋಳನ್ನು ತಿರುಗಿಸುವುದು ಎಡಗೈಯ ಕೆಲಸ.

"ಸಾಕು ಭಾವ, ನಿಲ್ಸಿ."

ಹದ್ದು ನಿಲ್ಲಿಸಲು ಹೊರಟ. ಎಡಗೈ ಹಿಡಿಕೆ ಬಿಡಲಿಲ್ಲ.

"ನಿಲ್ಸಿ ಅಂದೆ! ಕೆಳಗೆ ಜನ ಇದಾರೆ!"

ಕೈಗೆ ಜೋಮು ಹಿಡಿದಿರಲಿಲ್ಲ, ನೋವೂ ಇರಲಿಲ್ಲ. ಬಿಡು ಎಂದಷ್ಟೂ ಬಿಗಿಯಾಗುತ್ತಿತ್ತು. ಅವನು ಬಲಗೈಯಿಂದ ಕೆಂಪು ಗುಂಡಿ ಗುದ್ದಿದ. ಕ್ರೇನು ನಿಂತಿತು, ಕಟ್ಟು ನಿಲ್ಲಲಿಲ್ಲ. ಗಾರೆಯವರ ತಲೆಯ ಮೇಲೆ ಒಮ್ಮೆ ಬೀಸಿ, ಹೊಸ ಗೋಡೆಯ ಮೂಲೆಯನ್ನು ಕಿತ್ತುಕೊಂಡು ಹೋಯಿತು. ಭಾವಮೈದುನ ಇಬ್ಬರನ್ನು ಅಂಗಿ ಹಿಡಿದು ಎಳೆಯದಿದ್ದರೆ ಆ ದಿನದ ಕಥೆಯೇ ಬೇರೆ.

"ಗಾಳಿ ಕಣೋ," ಎಂದ ಹದ್ದು, ಊಟದ ಹೊತ್ತಿಗೆ ಕೆಳಗಿಳಿದು.

"ಮ್ಯಾನೇಜರಿಗೆ ನಾನೂ ಹಾಗೇ ಹೇಳಿದೀನಿ." ಭಾವಮೈದುನ ಬುತ್ತಿಯಿಂದ ತಲೆ ಎತ್ತಲಿಲ್ಲ. "ಆದ್ರೆ ಇವತ್ತು ಗಾಳಿ ಇರ್ಲಿಲ್ಲ, ಭಾವ."

ಮರುದಿನ ಹದ್ದು ರಜೆ ಹಾಕಿ ಒಬ್ಬನೇ ಆಸ್ಪತ್ರೆಗೆ ಹೋದ. ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಅವನ ಎಡ ಅಂಗೈಯಲ್ಲಿ ತಮ್ಮ ಎರಡು ಬೆರಳಿಟ್ಟರು. "ಹಿಡ್ಕೋಬೇಡಿ."

ಕೈ ಹಿಡಿದುಕೊಂಡಿತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ನೀವು ಹಿಡೀತಿಲ್ಲ, ಗೊತ್ತು," ಎಂದರು ಅವರು, ಬೆರಳು ಬಿಡಿಸಿಕೊಳ್ಳುತ್ತ. "ಕೈ ಆಡು ಅನ್ನೋ ಅಪ್ಪಣೆ ಹೊರಡೋದು ಮೆದುಳಿನ ಮೇಲಿರೋ ಒಂದು ಪಟ್ಟಿಯಿಂದ. ಅದಕ್ಕೂ ಮುಂದೆ, ಎರಡು ಹೋಳು ಸೇರೋ ಕಡೆ ಒಳಗೋಡೇಲಿ ಇನ್ನೊಂದು ಜಾಗ ಇದೆ. ಕೈ ಮುಟ್ಟಿದ್ದನ್ನೆಲ್ಲ ಹಿಡಿಯೋಕೆ ಹೋದ್ರೆ, ಈಗ ಬೇಡ ಅಂತ ತಡೆಯೋದು ಅದು. ನಿಮಗೆ ಬಲಗಡೆ ಅಲ್ಲಿ ರಕ್ತದ ಓಟ ನಿಂತು ಸ್ವಲ್ಪ ಭಾಗ ಸತ್ತಿದೆ. ಎಡಗೈ ನೋಡ್ಕೊಳ್ಳೋದು ಬಲಗಡೆ ಮೆದುಳೇ. ಕೈಗೆ ಶಕ್ತಿ ಹೋಗಿಲ್ಲ, ಅಂಕೆ ಹೋಗಿದೆ."

"ಸರಿ ಹೋಗತ್ತಾ?"

"ಕೆಲವರಿಗೆ ತಿಂಗಳುಗಳಲ್ಲಿ ಹೋಗತ್ತೆ. ಇವತ್ತೇ ಇಲ್ಲಿ ಸೇರ್ಕೊಳ್ಳಿ. ಕ್ರೇನ್ ಮಾತ್ರ ಹತ್ತಲೇಬೇಡಿ."

ನಾಳೆ ಬರುತ್ತೇನೆಂದು ಮಾತ್ರೆ ತೆಗೆದುಕೊಂಡು ಹೊರಟುಬಿಟ್ಟ. ಹೆಂಡತಿಗೆ ನರದ ಸುಸ್ತು ಎಂದ. ಇನ್ನೊಂದೇ ದಿನ, ಮೇಲಿನ ತೊಲೆಗಳನ್ನು ಕೂರಿಸಿ ಇಳಿದುಬಿಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ತನ್ನ ಕೈ ತನ್ನ ಮಾತು ಕೇಳುವುದಿಲ್ಲ ಎಂದು ಯಾವ ಬಾಯಿಂದ ಹೇಳುವುದು?

ಬುಧವಾರ ಬೆಳಿಗ್ಗೆ ಏಣಿ ಹತ್ತಿದ. ನಲವತ್ತು ಮೀಟರ್ ಎತ್ತರದಲ್ಲಿ ಎಡಗೈ ಮೆಟ್ಟಿಲನ್ನು ಹಿಡಿದದ್ದು ಬಿಡಲಿಲ್ಲ.

ಬೈದ. ಬೇಡಿಕೊಂಡ. ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದ. ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಕೆಳಗೆ ಜನ ಒಬ್ಬೊಬ್ಬರಾಗಿ ಕೆಲಸ ನಿಲ್ಲಿಸಿ ಮೇಲೆ ನೋಡುತ್ತಿದ್ದರು.

ಏದುಸಿರು ಬಿಡುತ್ತ ಭಾವಮೈದುನ ಮೇಲೆ ಬಂದ. ಮೊದಲು ಹದ್ದಿನ ಸೊಂಟದ ಬೆಲ್ಟನ್ನು, ಆಮೇಲೆ ತನ್ನದನ್ನು ಕೊಕ್ಕೆಯಿಂದ ಏಣಿಗೆ ಸಿಕ್ಕಿಸಿದ. "ಏನಾಯ್ತು ಭಾವ?"

"ಕೈ... ನನ್ನದಲ್ಲ ಕಣೋ ಇದು."

ಭಾವಮೈದುನ ಆ ಬೆರಳುಗಳನ್ನು ಎರಡೂ ಕೈಯಿಂದ ಬಲವಾಗಿ ಎಳೆದ. ಬೆರಳು ಬಿಟ್ಟವು, ಬಿಟ್ಟದ್ದೇ ಅವನ ಅಂಗಿಯ ಕೊರಳಪಟ್ಟಿಯನ್ನು ಹಿಡಿದು ಬಿಗಿದವು. ಅವನ ಮುಖ ಕೆಂಪಾಗಿ, ಆಮೇಲೆ ಕಪ್ಪಿಟ್ಟಿತು. ಅಷ್ಟು ಹತ್ತಿರದಿಂದ ಅವನ ಕಣ್ಣು ನೋಡುತ್ತ ಹದ್ದು ಬಲಗೈಯಿಂದ ತನ್ನ ಎಡ ಮಣಿಕಟ್ಟನ್ನು ಏಣಿಯ ಕಬ್ಬಿಣಕ್ಕೆ ಜಜ್ಜಿದ. ಒಮ್ಮೆ. ಇನ್ನೊಮ್ಮೆ. ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು, ಬೆರಳು ಸಡಿಲವಾದವು.

ಕೆಳಗಿಳಿದ ಮೇಲೆ ಮ್ಯಾನೇಜರಿಗೆ ಎಲ್ಲವನ್ನೂ ಹದ್ದೇ ಹೇಳಿದ. ಸೋಮವಾರ ಗಾಳಿ ಇರಲಿಲ್ಲ ಎಂಬುದನ್ನೂ.

ಎರಡು ತಿಂಗಳಿಗೆ ಪ್ಲಾಸ್ಟರ್ ಬಿಚ್ಚಿದರು. ಮೂಳೆ ಚೆನ್ನಾಗಿ ಕೂಡಿದೆ, ಮೊದಲಿನಷ್ಟೇ ಗಟ್ಟಿ ಎಂದರು. ಆ ಮಧ್ಯಾಹ್ನ ಮಗಳು ಹಸುಗೂಸನ್ನು ಎತ್ತಿಕೊಂಡು ನೋಡಲು ಬಂದಳು. ಅಜ್ಜನ ತೊಡೆಯ ಮೇಲೆ ಮಲಗಿಸಲು ಬಗ್ಗಿದಳು. ಹೆಂಡತಿ ನಡುವೆ ಬಂದು ಮಗುವನ್ನು ಎತ್ತಿಕೊಂಡಳು. ಅವನ ಬಲಗಡೆಗೆ, ಒಂದು ಮಾರು ದೂರದಲ್ಲಿ ಕೂತಳು.

ಅವನು ಎಡಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡ. ಅಲ್ಲಿ ಅದು ಕುರ್ಚಿಯ ಬಟ್ಟೆಯನ್ನು ಮೆಲ್ಲಗೆ ಹಿಡಿಯತೊಡಗಿತ್ತು.