ನಾಲ್ಕೂ ಗಾಲಿ ತಿರುಗಿದ ದಿನ

ಗುಜರಿಯವನು ಗ್ಯಾಸ್ ಕಟರ್ ಹೊತ್ತಿಸಿದ್ದನ್ನು ಕೋಕಿಲಾ ಮೇಲಿನ ಬಾಲ್ಕನಿಯಿಂದ ನೋಡಿದಳು. ಭಾನುವಾರದ ಬೆಳಿಗ್ಗೆ. ತಲೆಗೆ ನೀರು ಹಾಕಿಕೊಂಡು ಕೂದಲು ಒಣಗಿಸುತ್ತ ನಿಂತಿದ್ದವಳು ಹಾಗೆಯೇ ಮೆಟ್ಟಿಲಿಳಿದು ಅಂಗಳಕ್ಕೆ ಓಡಿದಳು. ಮೂಲೆಯಲ್ಲಿ ಹರಿದ ತಾಡಪತ್ರಿಯ ಕೆಳಗೆ ಎಷ್ಟೋ ವರ್ಷಗಳಿಂದ ಬಿದ್ದಿದ್ದ ವಿಲ್ಲಿಸ್ ಪಿಕಪ್ ಗಾಡಿ ಅವತ್ತು ಮೊದಲ ಸಲ ಪೂರ್ತಿ ಬಯಲಿಗೆ ಬಂದಿತ್ತು. ಮುಂದೆ ಜೀಪಿನ ಮೂತಿ, ಹಿಂದೆ ಸಾಮಾನು ತುಂಬುವ ತೊಟ್ಟಿ. ಟೈರುಗಳು ಮಣ್ಣಿನಲ್ಲಿ ಹೂತಿದ್ದವು. ಸೀಟಿನ ಮೇಲೆ ಬೆಕ್ಕು ಮರಿ ಹಾಕಿತ್ತು.

"ಸ್ವಲ್ಪ ತಡೀರಿ" ಎಂದು ಅವಳು ಹಿಂದಿಯಲ್ಲಿ ಹೇಳಿದಳು. ಆ ಮನುಷ್ಯ ಜ್ವಾಲೆ ಆರಿಸಿ ಮನೆಯ ಒಡತಿಯ ಮುಖ ನೋಡಿದ.

ಒಡತಿ ಶೆಫಾಲಿ ಲಾಹಿರಿ. ಎಂಬತ್ತು ದಾಟಿದ ಹೆಂಗಸು, ಇಡೀ ಓಣಿಗೆ ಮಾಶಿಮಾ, ಅಂದರೆ ಚಿಕ್ಕಮ್ಮ. ಗಾಡಿ ಅವರ ತೀರಿಹೋದ ಗಂಡನದು. ಉತ್ತರದ ಚಹಾ ತೋಟಗಳಿಗೆ ಸಾಮಾನು ಸಾಗಿಸುತ್ತ ಸೇತುವೆಯಿಲ್ಲದ ಹೊಳೆಗಳನ್ನೂ ಹಾಯ್ದು ಬಂದದ್ದಂತೆ. ಅವರಿದ್ದಷ್ಟು ದಿನ ಒರೆಸಿ ಇಟ್ಟುಕೊಂಡಿದ್ದರು, ಆಮೇಲೆ ಅದನ್ನು ಕೇಳುವವರಿರಲಿಲ್ಲ. ನಿನಗೇಕಮ್ಮ ಈ ತುಕ್ಕು ಎಂದು ಮಾಶಿಮಾ ಬಂಗಾಳಿಯಲ್ಲಿ ಕೇಳಿದರು. ಓಡಿಸುತ್ತೇನೆ ಎಂದಷ್ಟೇ ಕೋಕಿಲಾ ಹೇಳಿದಳು. ಮಾಶಿಮಾ ಅವಳ ಒದ್ದೆ ಕೂದಲನ್ನೂ ಬರಿಗಾಲನ್ನೂ ನೋಡಿ, ಓಡಿಸಿದರೆ ಅದು ನಿನ್ನದು ಎಂದು ಗುಜರಿಯವನನ್ನು ಕಳಿಸಿಬಿಟ್ಟರು.

ಕೋಕಿಲಾ ಗದಗಿನವಳು, ಮಾಶಿಮಾ ಅವರ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದಳು. ಕೋಲ್ಕತ್ತಾದ ಗಾರ್ಡನ್ ರೀಚಿನಲ್ಲಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಬೆಸುಗೆ ವಿಭಾಗದ ಇಂಜಿನಿಯರು. ಓದು ಮುಗಿಯುತ್ತಲೇ ಕೆಲಸ ಸಿಕ್ಕಿ ಬಂದವಳು ಈ ಊರಿನಲ್ಲೇ ಬೇರು ಬಿಟ್ಟಿದ್ದಳು. ಗಂಡ ಶರಣಪ್ಪ ರೈಲ್ವೆಯ ಲೆಕ್ಕಪತ್ರ ಕಚೇರಿಯಲ್ಲಿದ್ದ. ಮನೆಯಲ್ಲಿ ಬಲ್ಬು ಬದಲಿಸುವುದಕ್ಕೂ ಹೆಂಡತಿಯನ್ನೇ ಕರೆಯುವ ಮನುಷ್ಯ. ಮಗಳು ಇಂಚರಾ ಇಲ್ಲಿಯೇ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ನಾಲಿಗೆಗೆ ಬರುವುದು ಮಾತ್ರ ಅರ್ಧ.

ಅವತ್ತು ಮಧ್ಯಾಹ್ನ ರೊಟ್ಟಿ ತಟ್ಟುತ್ತ ಕೋಕಿಲಾ ಗಂಡನಿಗೆ ಕಾರಣ ಹೇಳಿದಳು.

"ಹಡಗಾ ನೀರಿಗೆ ಬಿಡೋ ದಿನ ಎಲ್ಲಾರೂ ಚಪ್ಪಾಳಿ ಹೊಡೀತಾರ, ನಾನೂ ಹೊಡೀತೀನಿ. ಆದ್ರ ಅದರಾಗ ನಿನ್ನ ಕೈಯಾರೆ ಮಾಡಿದ್ದು ಯಾವದು ಅಂತ ಯಾರರೆ ಕೇಳಿದ್ರ ಏನ್ ತೋರಸ್ಲಿ? ಬ್ಯಾರೆಯವರು ಬೆಸದದ್ದು ನೋಡಿ ಛಲೋ ಐತಿ ಅಂದೀನಿ, ಅಷ್ಟ. ಇದೊಂದ್ ಪೂರಾ ನಾನ ಮಾಡ್ತೀನ್ರೀ."

ಶರಣಪ್ಪ ರೊಟ್ಟಿ ಮುರಿಯುತ್ತ, "ಹಂಗಂದ್ರ ಮೊದಲ ಹೋಗಿ ಧನುರ್ವಾಯುದ ಇಂಜೆಕ್ಷನ್ ಮಾಡಿಸ್ಕೊಂಡ್ ಬಾ" ಎಂದ. ಅದು ಅವನ ಒಪ್ಪಿಗೆ.

ಚಳಿಗಾಲ ಪೂರ್ತಿ ಅಂಗಳದಲ್ಲಿ ಕೆಲಸ ನಡೆಯಿತು. ಬೆಕ್ಕಿನ ಸಂಸಾರ ಮೆಟ್ಟಿಲ ಕೆಳಗಿನ ಬುಟ್ಟಿಗೆ ವರ್ಗವಾಯಿತು. ಎಂಜಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕೋಕಿಲಾ ಸಿಲಿಂಡರುಗಳಿಗೆ ಸೀಮೆಎಣ್ಣೆ, ಡೀಸೆಲ್ ಸುರಿದು ನೆನೆಹಾಕಿದಳು. ಕೆಲಸದಿಂದ ಬಂದ ಮೇಲೆ ದಿನಾ ಹಿಡಿಕೆ ಹಾಕಿ ಒಂದಿಷ್ಟು ತುಯ್ದು ನೋಡುವಳು, ಅದು ಜಪ್ಪಯ್ಯ ಅನ್ನದು. ಒಂದು ಸಂಜೆ ಇಂಚರಾಳೂ ಕೈ ಹಚ್ಚಿದಾಗ ಒಳಗಿನಿಂದ ನಿಟ್ಟುಸಿರಿನಂಥ ಸದ್ದು ಬಂದು ಹಿಡಿಕೆ ಕೂದಲೆಳೆಯಷ್ಟು ಸರಿಯಿತು. ತಾಯಿ ಮಗಳು ಇಬ್ಬರೂ ಸೇರಿ ಇನ್ನೊಮ್ಮೆ ತುಯ್ದರು.

ಕಾಲಿಡುವ ಜಾಗದ ತಗಡು ಹಪ್ಪಳದ ಹಾಗೆ ಉದುರುತ್ತಿತ್ತು. ಅದನ್ನು ಕತ್ತರಿಸಿ ತೆಗೆದು ಹೊಸ ತಗಡು ಬೆಸೆದಳು. ಓಣಿಯವರು ಹೋಗುತ್ತ ಬರುತ್ತ ನಿಂತು ನೋಡುವರು, ಅನುಮಾನ ಬಂದರೆ ಶರಣಪ್ಪನನ್ನು ಕೇಳುವರು. ಎಂಜಿನ್ ಯಾವುದು ದಾದಾ, ಬ್ರೇಕಿಗೆ ಏನು ಮಾಡಿದಿರಿ ಎಂದು. ಅವನು ಗಾಡಿಯ ಕೆಳಗಿನಿಂದ ಚಾಚಿಕೊಂಡಿದ್ದ ಹೆಂಡತಿಯ ಕಾಲು ತೋರಿಸಿ, ನಾನು ಬರೀ ಚಹಾ ಕೊಡುವವನು, ಅಲ್ಲಿ ಕೇಳಿ ಎನ್ನುತ್ತಿದ್ದ. ಹಾಗೆ ಹೇಳುವಾಗ ಅವನಿಗೆ ಒಂದಿಷ್ಟೂ ಸಂಕೋಚವಿರಲಿಲ್ಲ.

ನಿಜವಾದ ತಕರಾರು ಎದ್ದದ್ದು ನಾಲ್ಕು ಗಾಲಿಯ ವಿಷಯಕ್ಕೆ. ಇಂಥ ಗಾಡಿಯಲ್ಲಿ ಗೇರಿನ ಪೆಟ್ಟಿಗೆಯ ಬೆನ್ನಿಗೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗಷ್ಟೇ ಕೊಡದೆ ಮುಂದಿನ ಗಾಲಿಗೂ ಹಂಚುವುದು ಅದೇ. ಅದು ಅಡಿಯಲ್ಲಿ ಉದ್ದಕ್ಕೆ ಸೀಳಿತ್ತು. ಪಾರ್ಕ್ ಸ್ಟ್ರೀಟಿನ ತುದಿಗಿರುವ ಮಲ್ಲಿಕ್ ಬಜಾರಿನಲ್ಲಿ ಹಳೆಯ ಬಿಡಿಭಾಗದ ಅಂಗಡಿಗಳನ್ನೆಲ್ಲ ಅವಳು ಜಾಲಾಡಿದಳು. ಒಳಗಿನ ಗೇರುಗಳು ಸಿಕ್ಕವು, ಪೆಟ್ಟಿಗೆ ಸಿಗಲಿಲ್ಲ. ಅದನ್ನು ಕಿತ್ತು ಬಿಸಾಕಿ, ಎರಡೇ ಗಾಲಿ ಸಾಕು, ಕೋಲ್ಕತ್ತಾದಲ್ಲಿ ಗುಡ್ಡ ಎಲ್ಲಿದೆ ಎಂದು ಅಂಗಡಿಯವರೆಲ್ಲ ಒಂದೇ ಮಾತು ಹೇಳಿದರು. ಪಾಡಾದಲ್ಲಿ, ಅಂದರೆ ಆ ಕೇರಿಯಲ್ಲಿ, ದುರ್ಗಾಪೂಜೆ ನಡೆಸುವ ಕ್ಲಬ್ಬಿನ ಕಾರ್ಯದರ್ಶಿ, ಎಲ್ಲರೂ ತಪನ್‌ದಾ ಎನ್ನುವವರು, ಮನೆಗೇ ಬಂದು ಅದನ್ನೇ ಹೇಳಿದರು. ಕೋಕಿಲಾ ಎಲ್ಲರಿಗೂ ತಲೆಯಾಡಿಸಿದಳು, ಯಾರ ಮಾತನ್ನೂ ಕೇಳಲಿಲ್ಲ. ಎರಡೇ ಗಾಲಿ ತಿರುಗಿದರೆ ಇದು ಈ ಗಾಡಿಯೇ ಅಲ್ಲ ಎಂಬುದು ಅವಳ ಲೆಕ್ಕ.

ಸೀಳಿದ ಪೆಟ್ಟಿಗೆ ಬೀಡು ಕಬ್ಬಿಣದ್ದು. ಹಡಗಿನ ಉಕ್ಕಿನ ಹಾಗೆ ಅದು ಬೆಸುಗೆಗೆ ಒಲಿಯುವುದಿಲ್ಲ, ಅವಸರ ಮಾಡಿದರೆ ಮುನಿಯುತ್ತದೆ. ಮೊದಲ ಸಲ ಕೋಕಿಲಾ ಬೆಸೆದು, ನುಣುಪಾಗಿ ಬಂತೆಂದು ಹಿಗ್ಗಿ, ಮಾಶಿಮಾ ಅವರನ್ನೂ ಕರೆದು ತೋರಿಸುತ್ತಿದ್ದಳು. ಆಗಲೇ ಆರುತ್ತಿದ್ದ ಲೋಹದಿಂದ ಟಿಣ್ ಎಂದು ಸಣ್ಣ ಸದ್ದು. ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು. ಅವಳ ಮುಖ ಬಾಡಿತು. ನಾಕಾರು ದಿನ ಅಂಗಳದ ಕಡೆ ಹೋಗಲಿಲ್ಲ. ಕಾರ್ಖಾನೆಯಲ್ಲಿ ಬೇರೆಯವರ ಬೆಸುಗೆ ನೋಡಿ ಸಹಿ ಹಾಕುವಾಗ ಅವಳ ಕೈಯೇ ಅವಳನ್ನು ಅಣಕಿಸಿದಂತಾಗುತ್ತಿತ್ತು.

ಶರಣಪ್ಪ ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. ಮುಂದಿನ ಭಾನುವಾರ ಎಲ್ಲಿಂದಲೋ ಎರಡು ಚೀಲ ಇದ್ದಲು ಹೊರಿಸಿಕೊಂಡು ಬಂದ. "ಪೂರಾ ಪೆಟಗಿ ಕಾಸಬೇಕು, ಬರೇ ಸೀಳಿದ್ದಷ್ಟ ಕಾಸಿದ್ರ ಆಗಂಗಿಲ್ಲ ಅಂತ ನೀನ ಒಮ್ಮೆ ಅಂದಿದ್ದಿ. ಗಾಳಿ ನಾ ಹಾಕ್ತೀನಿ" ಎಂದ.

ಇಟ್ಟಿಗೆ ಪೇರಿಸಿ ಒಲೆ ಹೂಡಿದರು. ಶರಣಪ್ಪ ಬೀಸಣಿಗೆ ಹಿಡಿದು ಕೂತ. ಪೆಟ್ಟಿಗೆ ಇಡಿಯಾಗಿ ಕಾದ ಮೇಲೆ ಕೋಕಿಲಾ ಬೆರಳುದ್ದ ಬೆಸೆದು ನಿಲ್ಲಿಸುವಳು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವಳು, ಮತ್ತೆ ಬೆರಳುದ್ದ ಬೆಸೆಯುವಳು. ಮಗುವಿಗೆ ಉಣಿಸಿದಷ್ಟು ತಾಳ್ಮೆ ಬೇಕಾಯಿತು. ಮುಗಿದ ಮೇಲೆ ಪೆಟ್ಟಿಗೆಯನ್ನು ಬಿಸಿ ಬೂದಿಯಲ್ಲಿ ಹೂತು, ತಂತಾನೇ ಆರಲಿ ಎಂದು ಬಿಟ್ಟರು. ಮರುದಿನ ಬೂದಿ ಕೆದರಿ ತೆಗೆದು, ಬೆರಳ ಗೆಣ್ಣಿನಿಂದ ತಟ್ಟಿದಳು. ಗಂಟೆಯ ಹಾಗೆ ತುಂಬು ನಾದ ಬಂತು. ಬಿರುಕಿದ್ದರೆ ಅದು ಒಡಕು ಮಡಕೆಯ ದನಿ ಕೊಡುತ್ತಿತ್ತು. ಕೋಕಿಲಾ ಮತ್ತೊಮ್ಮೆ ತಟ್ಟಿದಳು. ಆಮೇಲೆ ಗಂಡನನ್ನು ಕರೆದು, ಅವನಿಂದಲೂ ತಟ್ಟಿಸಿದಳು.

ಬೇಸಿಗೆಯಲ್ಲಿ ಗಾಡಿ ಎಲೆಹಸಿರು ಬಣ್ಣ ಹೊದ್ದುಕೊಂಡಿತು. ಹಳೆಯ ವಾಹನಗಳ ನೋಂದಣಿಗೆ ಅಲೆದಾಡುವ ಕೆಲಸ ಶರಣಪ್ಪನ ಪಾಲಿಗೆ ಬಂತು, ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೊದಲ ಸಲ ಗೇಟು ದಾಟಿ ಓಣಿಗಿಳಿದಾಗ ಮಾಶಿಮಾ ಪಕ್ಕದ ಸೀಟಿನಲ್ಲಿದ್ದರು. ಇಳಿಯುವಾಗ ಕೋಕಿಲಾಳ ಗಲ್ಲ ಸವರಿ, ನಿನ್ನದು ಎಂದರು.

ಹಾಗಿದ್ದರೂ ಪಾಡಾದವರ ಪಾಲಿಗೆ ಅದು ಚಂದದ ಆಟಿಕೆಯೇ ಆಗಿತ್ತು. ದುರ್ಗಾಪೂಜೆ ಇನ್ನೇನು ಬಂತು ಅನ್ನುವಾಗ ಮಳೆ ಸುರಿಯಿತು ನೋಡಿ, ರಾತ್ರಿಯಿಡೀ ಆಕಾಶ ಹರಿದು ಬಿದ್ದಂತೆ. ಬೆಳಗಾದಾಗ ಓಣಿಗಳೆಲ್ಲ ಕಾಲುವೆ. ಅಪಾಯ ಬೇಡವೆಂದು ಕರೆಂಟು ತೆಗೆದಿದ್ದರು. ಕಾರುಗಳು ಬಾನೆಟ್ಟಿನ ತನಕ ಮುಳುಗಿ ನಿಂತಿದ್ದವು.

ತಪನ್‌ದಾ ಸೊಂಟಕ್ಕೆ ಲುಂಗಿ ಕಟ್ಟಿಕೊಂಡು ನೀರಿನಲ್ಲಿ ನಡೆದು ಬಂದರು, ಮುಖದಲ್ಲಿ ಕಳೆಯಿರಲಿಲ್ಲ. ಕ್ಲಬ್ಬಿನ ದುರ್ಗಾ ಪ್ರತಿಮೆ ಆದಿಗಂಗೆ ಕಾಲುವೆಯ ಸೇತುವೆಯಾಚೆ ಕಾಳಿಘಾಟಿನ ಪಟುವಾಪಾಡಾದಲ್ಲಿ, ಮೂರ್ತಿ ಮಾಡುವವರ ಕೇರಿಯಲ್ಲಿತ್ತು. ಆದಿಗಂಗೆ ಉಕ್ಕಿ ಕಾರ್ಯಾಗಾರದೊಳಗೆ ನೀರು ನುಗ್ಗಿದೆ, ಪ್ರತಿಮೆಯನ್ನು ಹಲಗೆ ಮೇಲೆ ಹಲಗೆಯಿಟ್ಟು ಎತ್ತಿದ್ದಾರೆ, ಇನ್ನೊಂದು ಗೇಣು ನೀರೇರಿದರೆ ಹಸಿಮಣ್ಣು ಮಣ್ಣೇ ಆಗುತ್ತದೆ. ಗೊತ್ತುಮಾಡಿದ್ದ ಲಾರಿಯವನು ಈ ನೀರಿಗೆ ಬರುವುದಿಲ್ಲ ಎಂದಿದ್ದ. ಇಷ್ಟು ಹೇಳಿ ತಪನ್‌ದಾ ಹಸಿರು ಗಾಡಿಯ ಕಡೆ ನೋಡಿದರು.

ಕೋಕಿಲಾ ಆಗಲೇ ಬಾನೆಟ್ಟು ಎತ್ತಿದ್ದಳು. ಕಿಡಿ ಹಂಚುವ ಭಾಗಕ್ಕೂ ತಂತಿಗಳಿಗೂ ದಪ್ಪಗೆ ಗ್ರೀಸು ಮೆತ್ತಿದಳು. ಫ್ಯಾನು ತಿರುಗಿದರೆ ನೀರನ್ನೆಲ್ಲ ಎಂಜಿನ್ ಮೇಲೆ ಎರಚುತ್ತದೆ ಎಂದು ಅದರ ಬೆಲ್ಟನ್ನೇ ಕಳಚಿದಳು. ಹಾಗೆ ಮಾಡಿದರೆ ಎಂಜಿನ್ ಬೇಗ ಕಾಯುತ್ತದೆ, ಆದರೆ ಬೇರೆ ದಾರಿ ಇರಲಿಲ್ಲ. ಇಂಚರಾ ಪಕ್ಕದಲ್ಲಿ ಹತ್ತಿ ಕೂತಳು. "ಅಮ್ಮಾ, ಟೆಂಪರೇಚರ್ ನಾನು ನೋಡ್ತೀನಿ. ಯೂ ಜಸ್ಟ್ ಡ್ರೈವ್." ತಪನ್‌ದಾ ಮುಂದೆ ಮುಂದೆ ಕೋಲಿನಿಂದ ನೆಲ ಕುಟ್ಟುತ್ತ ನಡೆದರು, ತೆರೆದ ಮ್ಯಾನ್‌ಹೋಲಿಗೆ ಗಾಲಿ ಬೀಳದಿರಲಿ ಎಂದು. ಶರಣಪ್ಪ ಹಿಂದಿನ ತೊಟ್ಟಿಯಲ್ಲಿ ಉದ್ದನೆಯ ಬಿದಿರು ಹಿಡಿದು ನಿಂತ, ಪ್ರತಿಮೆ ಬರುವಾಗ ಇಳಿಬಿದ್ದ ಟಿವಿ ಕೇಬಲ್ಲುಗಳನ್ನು ಎತ್ತಲು.

ಸೇತುವೆಯ ಮೇಲೆ ನೀರಿರಲಿಲ್ಲ. ಅಲ್ಲಿ ನಿಂತು ಎಂಜಿನ್ ತಣಿಸಿ ಮುಂದಕ್ಕೆ ಹೋದರು. ಪಟುವಾಪಾಡಾದ ಗಲ್ಲಿ ಇಳಿಜಾರಾಗಿ ನೀರಿನೊಳಕ್ಕೆ ಹೋಗುತ್ತಿತ್ತು. ಕೋಕಿಲಾ ಗಾಡಿಯನ್ನು ಹಿಂದುಮುಂದಾಗಿ ಇಳಿಸಿ ಕಾರ್ಯಾಗಾರದ ಬಾಗಿಲಿಗೆ ತಾಗಿಸಿದಳು. ಎಂಜಿನ್ ನಿಲ್ಲಿಸುವ ಹಾಗಿರಲಿಲ್ಲ, ಮತ್ತೆ ಹತ್ತದಿದ್ದರೆ ಕಥೆ ಮುಗಿಯಿತು. ಒಳಗಿನವರೆಲ್ಲ ಸೇರಿ ದೇವಿಯನ್ನು ಹೊತ್ತು ತಂದರು. ಮಕ್ಕಳು, ಸಿಂಹ, ಮಹಿಷ ಎಲ್ಲ ಒಂದೇ ಚೌಕಟ್ಟಿನಲ್ಲಿದ್ದ ಚಿಕ್ಕ ಪ್ರತಿಮೆ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಹಗ್ಗ ಬಿಗಿಯುವಷ್ಟರಲ್ಲಿ ಮುಳ್ಳು ಏರುತ್ತಿದೆ ಎಂದು ಇಂಚರಾ ಮತ್ತೆ ಮತ್ತೆ ಹೇಳುತ್ತಿದ್ದಳು.

ಹೊರಟಾಗ ಹಿಂದಿನ ಗಾಲಿಗಳು ಕೆಸರಿನಲ್ಲಿ ಗಿರ್ರನೆ ತಿರುಗಿದವು. ಗಾಡಿ ಮುಂದೆ ಹೋಗುವ ಬದಲು ಒಂದು ಪಕ್ಕಕ್ಕೆ ಜಾರಿತು. ಹಗ್ಗ ಕಿರ್ರೆಂದಿತು. ಹಿಂದೆ ಹೊಗೆ, ಕೂಗು. ತಳ್ಳಲು ಬಂದವರನ್ನು ಕೋಕಿಲಾ ಕೈಬೀಸಿ ದೂರ ನಿಲ್ಲಿಸಿದಳು, ಜಾರಿದರೆ ಅವರ ಕಾಲ ಮೇಲೇ ಬರುತ್ತಿತ್ತು. ಆಮೇಲೆ ಕೆಳಗಿನ ಸಣ್ಣ ಲಿವರುಗಳನ್ನು ಒಂದಾದ ಮೇಲೊಂದು ಎಳೆದಳು. ಕಟಕ್ ಎಂದು ಮುಂದಿನ ಗಾಲಿಗಳೂ ಸೇರಿಕೊಂಡವು. ಪೆಟ್ಟಿಗೆಯೊಳಗಿನ ಗೇರುಗಳು ಮೊರೆಯತೊಡಗಿದವು. ಆ ಸದ್ದು ಅವಳ ಅಂಗಾಲಿನಿಂದ ಬೆನ್ನಿಗೆ ಹತ್ತಿತು. ಕ್ಲಚ್ ಬಿಟ್ಟಳು, ಮೆಲ್ಲಗೆ.

ನಾಲ್ಕೂ ಗಾಲಿ ನೆಲ ಕಚ್ಚಿದವು. ಗಾಡಿ ಮೊದಲು ನಡುಗಿತು, ಆಮೇಲೆ ಎತ್ತು ಏರಿ ಹತ್ತುವ ಹಾಗೆ ತಲೆ ತಗ್ಗಿಸಿ, ಒಂದೊಂದೇ ಮೊಳ, ಮೇಲಕ್ಕೆ ಬಂತು. ನೀರು ಎರಡೂ ಕಡೆ ಸೀಳಿ ಗೋಡೆಗಳಿಗೆ ಬಡಿಯಿತು. ಸೇತುವೆ ತಲುಪಿದ ಮೇಲೆ ಕೋಕಿಲಾ ಎಂಜಿನ್ ನಿಲ್ಲಿಸಿದಳು.

ತಣಿಸಿಕೊಂಡು ಓಣಿಗೆ ಬರುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಢಾಕ್ ಡೋಲು ಬಾರಿಸುವವರು ಇನ್ನೂ ಊರಿಂದ ಬಂದಿರಲಿಲ್ಲ, ಆದರೆ ಬಾಲ್ಕನಿಗಳಿಂದ ಶಂಖ ಮೊಳಗಿತು, ಹೆಂಗಸರು ನಾಲಿಗೆ ಆಡಿಸುತ್ತ ಉಲು ದನಿ ಹಾಕಿದರು. ಶರಣಪ್ಪ ದೇವಿಯ ಪಕ್ಕದಲ್ಲಿ ಬಿದಿರು ಎತ್ತಿ ಹಿಡಿದು, ಮೈಯೆಲ್ಲ ಕೆಸರಾಗಿ, ರಾಜನ ಹಾಗೆ ನಿಂತಿದ್ದ. ಪ್ರತಿಮೆ ಇಳಿಸಿದರು. ಒಂದು ಬೆರಳೂ ಮುರಿದಿರಲಿಲ್ಲ. ಕೋಕಿಲಾ ಮಾತ್ರ ಸ್ಟೀರಿಂಗ್ ಬಿಡದೆ ಕೂತೇ ಇದ್ದಳು. ಎದೆ ತುಂಬಿ ಬಂದಿತ್ತು. ಹಡಗು ನೀರಿಗಿಳಿಯುವಾಗ ಎಷ್ಟೋ ಸಲ ಚಪ್ಪಾಳೆ ತಟ್ಟಿದ್ದಳು, ಈ ಥರ ಯಾವತ್ತೂ ಆಗಿರಲಿಲ್ಲ.

ತಪನ್‌ದಾ ಕಿಟಕಿಯ ಹತ್ತಿರ ಬಂದರು. ಎರಡೂ ಕೈ ಜೋಡಿಸಿದರು.

ನೀರು ಇಳಿದ ಮೇಲೆ ನೋಡಿದರೆ ಗೇರಿನ ಎಣ್ಣೆಯೊಳಗೆ ನೀರು ಸೇರಿ ಹಾಲಿನಂತಾಗಿತ್ತು. ಅದನ್ನೆಲ್ಲ ಬಸಿದು, ತೊಳೆದು, ಹೊಸದು ತುಂಬುವಷ್ಟರಲ್ಲಿ ಖಂಡೇನವಮಿ ಬಂತು. ಗದಗಿನ ಪದ್ಧತಿಯಂತೆ ಗಾಡಿಗೆ ವಿಭೂತಿ ಎಳೆದು, ಚೆಂಡುಹೂ ಕಟ್ಟಿ, ಮುಂದೆ ಬೂದುಗುಂಬಳ ಒಡೆದರು. ಬಂಗಾಳದವರು ಯಂತ್ರಗಳ ಪೂಜೆಯನ್ನು ವಿಶ್ವಕರ್ಮನ ದಿನವೇ ಮುಗಿಸಿರುತ್ತಾರೆ, ಹಾಗಾಗಿ ಪಾಡಾದವರು ಇದನ್ನು ಸುತ್ತುವರಿದು ನೋಡಿದರು.

ಆಗ ತಪನ್‌ದಾ ಮತ್ತೊಂದು ಮಾತು ತೆಗೆದರು. ನಾಳೆ ವಿಸರ್ಜನೆ. ದೇವಿಯನ್ನು ನದಿಯ ಘಾಟಿಗೆ ಒಯ್ಯಲು ಈ ಸಲ ಲಾರಿ ಬೇಡ, ಈ ಗಾಡಿಯೇ ಆಗಲಿ ಎಂದು ಕ್ಲಬ್ಬಿನವರೆಲ್ಲ ಸೇರಿ ತೀರ್ಮಾನಿಸಿದ್ದಾರಂತೆ. ಮೆರವಣಿಗೆಯಲ್ಲಿ ಓಡಿಸಿ ಅಭ್ಯಾಸವಿರುವ ಒಬ್ಬ ಡ್ರೈವರನನ್ನೂ ನೋಡಿದ್ದಾರಂತೆ. ದೀದಿಗೆ ತೊಂದರೆಯಾಗಬಾರದಲ್ಲ ಎಂದರು.

ಕೋಕಿಲಾ ಕುಂಬಳದ ಹೋಳು ಬದಿಗೆ ಸರಿಸಿ ಎದ್ದು ನಿಂತಳು. ತನ್ನ ಹರಕುಮುರುಕು ಬಂಗಾಳಿಯಲ್ಲಿ, ಸಾವಕಾಶವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಗಾಡಿ ಬರುತ್ತದೆ. ಓಡಿಸುವವಳು ನಾನು."

ಮರುದಿನ ಮಧ್ಯಾಹ್ನ, ಅತ್ತೆ ಕೊಟ್ಟಿದ್ದ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಡ್ರೈವರಿನ ಸೀಟು ಹತ್ತಿದಳು. ಮುಂದೆ ಢಾಕ್ ಬಾರಿಸುವವರು, ಹಿಂದೆ ದೇವಿ, ಸುತ್ತ ಇಡೀ ಓಣಿ. ಹಾರ್ನ್ ಒಮ್ಮೆ ಒತ್ತಿ, ಗಾಡಿಯನ್ನು ಮೊದಲ ಗೇರಿಗೆ ಹಾಕಿದಳು.