ತುಕ್ಕಿನ ಮೇಲೆ ಹಸಿರು

ತುಕ್ಕು ಮೊದಲು, ಬಣ್ಣ ಆಮೇಲೆ. ನೋಡುವವರಿಗೆ ಇದು ಎಂದೂ ಗೊತ್ತಾಗುವುದಿಲ್ಲ ಎಂದುಕೊಳ್ಳುತ್ತ ಅವನು ಒದ್ದೆ ಕುಂಚದ ತುದಿಯನ್ನು ಟ್ಯಾಂಕಿನ ಬದಿಗೆ ಒತ್ತಿದ. ಹಸಿರು ಮೆತ್ತಗಾಯಿತು. ಎಳ್ಳಿನಷ್ಟು ಚಕ್ಕೆ ಎದ್ದು ಬಂದು, ಅದರಡಿ ಹೋದ ವಾರವೇ ಬಳಿದಿಟ್ಟಿದ್ದ ತುಕ್ಕು ಕಂಡಿತು.

ಅಣ್ಣ ಸೇನೆಯಲ್ಲಿ ಓಡಿಸುತ್ತಿದ್ದ ಟ್ಯಾಂಕಿನ ಪುಟ್ಟ ಮಾದರಿ, ಅಂಗೈಗಿಂತ ಸ್ವಲ್ಪ ದೊಡ್ಡದು. ಪ್ಲಾಸ್ಟಿಕ್ಕಿನದು. ಪ್ಲಾಸ್ಟಿಕ್ಕಿಗೆ ತಾನಾಗಿ ತುಕ್ಕು ಹಿಡಿಯುವುದಿಲ್ಲ. ಮೊದಲು ಮೈತುಂಬ ತುಕ್ಕಿನ ಬಣ್ಣ ಬಳಿಯಬೇಕು. ಅದರ ಮೇಲೆ ಹೆಂಗಸರು ಕೂದಲಿಗೆ ಹೊಡೆದುಕೊಳ್ಳುವ ಸ್ಪ್ರೇ. ಅದರ ಮೇಲೆ ಹಸಿರು. ಆಮೇಲೆ ನೀರು ತಾಗಿದಲ್ಲೆಲ್ಲ ನಡುವಿನ ಪದರ ಕರಗಿ ಹಸಿರು ಕಿತ್ತು ಬರುತ್ತದೆ. ಎಲ್ಲ ಮುಗಿದ ಮೇಲೆ ಒಂದು ಸುತ್ತು ವಾರ್ನಿಷ್ ಹೊಡೆದುಬಿಟ್ಟರೆ ಮತ್ತೆ ನೀರಿಗೆ ಜಗ್ಗುವುದಿಲ್ಲ. ಅಲ್ಲಿಯವರೆಗೆ ಬೆವರಿದ ಕೈ ಕೂಡ ಸೋಕಬಾರದು.

ವಾರ್ನಿಷ್ಷನ್ನು ಸಂಜೆಗೆ ಇಟ್ಟುಕೊಂಡಿದ್ದ. ಇನ್ನೂ ಮಸಿ ಆಗಬೇಕಿತ್ತು. ಅಂಗಡಿಯಲ್ಲಿ ಸಿಗುವ ಮಸಿಪುಡಿ ತೀರಾ ಕಪ್ಪು. ಸುಟ್ಟದ್ದು ಅಷ್ಟು ಕಪ್ಪಗಿರುವುದಿಲ್ಲ. ವಿಮಾ ಕಂಪನಿಯ ಸರ್ವೇಯರನಾದ ಅವನಿಗೆ ಅದು ಚೆನ್ನಾಗಿ ಗೊತ್ತು. ಸುಟ್ಟ ಗಾಡಿಗಳನ್ನು ನೋಡುವುದಕ್ಕೇ ಅವನಿಗೆ ಸಂಬಳ.

ಅತ್ತಿಗೆ ಕೇಳಿದ್ದು ಇದನ್ನಲ್ಲ.

"ಹೊಸದಾಗಿರ್ಲಿ," ಎಂದಿದ್ದಳು ಫೋನಿನಲ್ಲಿ. "ನಿಮ್ಮಣ್ಣ ಮಗೂಗೆ ಸ್ನಾನ ಮಾಡಿಸಿದ ಹಾಗೆ ತೊಳೀತಿದ್ರಂತೆ ಅದನ್ನ. ಮುಂದಿನ ಮುಚ್ಚಳ ತೆಗೆದಿರ್ಲಿ. ಅವರ ತಲೆ ಕಾಣ್ಲಿ."

"ಆಯ್ತು ಅತ್ತಿಗೆ."

ಅವಳ ಗೋಡೆಯ ಮೇಲಿನ ಫೋಟೋದಲ್ಲಿ ಅಣ್ಣ ಬಕೆಟ್ ಹಿಡಿದು ನಿಂತಿದ್ದಾನೆ. ಹಿಂದೆ ಟ್ಯಾಂಕು ಮದುಮಗನಂತೆ ಹೊಳೆಯುತ್ತಿದೆ. ಬರುವ ತಿಂಗಳು ಅತ್ತಿಗೆ ಮತ್ತೆ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾಳೆ. ಫೋಟೋ ಒಯ್ಯುವುದು ಸರಿ ಕಾಣುವುದಿಲ್ಲ, ಟ್ಯಾಂಕಾದರೆ ಪರವಾಗಿಲ್ಲ. ಮದುವೆಯಾಗುವವನು ಒಳ್ಳೆಯವನು. ಟಿವಿ ಪಕ್ಕ ಇಡಬಹುದು ಎಂದನಂತೆ.

ಹೊಸದಾಗಿಯೇ ಮಾಡಬೇಕೆಂದಿದ್ದ. ಅಡಿಯಲ್ಲಿ ಏನಿದ್ದರೇನು, ಕಾಣುವುದು ಹಸಿರೇ ತಾನೆ ಎಂದು ತನಗೆ ತಾನೇ ಹೇಳಿಕೊಂಡೇ ತುಕ್ಕು ಬಳಿದಿದ್ದ. ಹಸಿರು ಹಚ್ಚಿ ನೋಡಿದರೆ ಆಟದ ಸಾಮಾನು. ಅದರೊಳಗೆ ಯಾರೂ ಸತ್ತಿರಲು ಸಾಧ್ಯವಿರಲಿಲ್ಲ.

ಅಣ್ಣ ಅದರೊಳಗೇ ಸತ್ತಿದ್ದ. ಬೆಂಕಿ ಹತ್ತಿದಾಗ ಅವನ ತಲೆಯ ಮೇಲಿನ ಮುಚ್ಚಳ ತೆಗೆಯಲು ಬರಲಿಲ್ಲ. ಸುದ್ದಿ ತಂದ ಅಧಿಕಾರಿಯನ್ನು ಇವನು ಕೇಳಿದ ಮೊದಲ ಪ್ರಶ್ನೆ, "ಬೆಂಕಿ ಯಾವ ಕಡೆಯಿಂದ ಶುರುವಾಯ್ತು?" ಅಧಿಕಾರಿ ಇವನನ್ನು ವಿಚಿತ್ರವಾಗಿ ನೋಡಿದ್ದ. ಅಮ್ಮ ಅತ್ತಳು, ಅತ್ತಿಗೆ ಅತ್ತಳು. ಇವನು ಕಾದ. ಬಸ್ಸಿಗೆ ಕಾದ ಹಾಗೆ ಕಾದ. ಅಳು ಬರಲಿಲ್ಲ. ಎರಡು ವರ್ಷವಾದರೂ ಬಂದಿಲ್ಲ. ಇದೊಂದು ಸರಿಯಾಗಿ ಬಂದರೆ, ಥೇಟ್ ಹಾಗೇ ಬಂದರೆ, ಅದೂ ಬಂದೀತು ಎಂದು ಎಲ್ಲೋ ಒಳಗೆ ಒಂದು ಆಸೆಯಿತ್ತು. ಟ್ಯಾಂಕನ್ನು ಇವತ್ತು ಸಂಜೆ ಅತ್ತಿಗೆ ಒಯ್ಯುತ್ತಾಳೆ. ಇವತ್ತೇ ಆಗಬೇಕು.

ಒಳಕೋಣೆಯಲ್ಲಿ ಅಮ್ಮ ಪದ್ಯ ಶುರುಮಾಡಿದಳು. ಪುಸ್ತಕ ಬೇಡ ಅವಳಿಗೆ. ಪ್ರತಿ ಪದ್ಯದ ಮೊದಲಿನ ಅರ್ಧ ಅವಳದು, ಉಳಿದರ್ಧ ಅಣ್ಣನದು. ಅವನು ಚಿಕ್ಕವನಿದ್ದಾಗಿನಿಂದಲೂ ಹಾಗೆ. ಈಗಲೂ ಅಮ್ಮ ಅರ್ಧ ಹೇಳಿ ನಿಲ್ಲುತ್ತಾಳೆ. ಅಣ್ಣನ ಪಾಲಿನಷ್ಟು ಹೊತ್ತು ಸುಮ್ಮನಿದ್ದು ಮುಂದಿನದಕ್ಕೆ ಹೋಗುತ್ತಾಳೆ. ಉಳಿದರ್ಧ ಇವನಿಗೂ ಬಾಯಿಗೆ ಬರುತ್ತದೆ. ಹೇಳು ಎಂದು ಯಾರೂ ಕೇಳಿಲ್ಲ.

"ಹೊರಟೆಯಾ?" ಅಮ್ಮ ಕೇಳಿದಳು.

"ಹ್ಞೂಂ."

"ಅವಳು ಬರ್ತಾಳೆ ಸಂಜೆ. ಬೇಗ ಬಾ."

"ನೋಡ್ತೀನಿ."

ಗ್ಯಾರೇಜಿನ ಶೆಡ್ಡಿನಲ್ಲಿ ಸುಟ್ಟ ವ್ಯಾನು ಟೈರುಗಳಿಲ್ಲದೆ, ಹೊಟ್ಟೆ ನೆಲಕ್ಕಿಟ್ಟು ಕೂತಿತ್ತು.

"ಬಂದ್ರಪ್ಪ ತುಕ್ಕು ಸಾಹೇಬ್ರು," ಎಂದ ಮೆಕ್ಯಾನಿಕ್. "ಇದ್ರಲ್ಲಿ ಹಳೇ ತುಕ್ಕು ಗಿಕ್ಕು ಹುಡುಕಿ ದುಡ್ಡು ಕತ್ತರಿಸ್ಬೇಡಿ ಸಾರ್. ಪೂರಾ ಬೂದಿ."

"ಡ್ರೈವರ್?"

"ಹೊರಗೆ ಬರ್ಲಿಲ್ಲ." ಮೆಕ್ಯಾನಿಕ್ ಗದ್ದದಲ್ಲೇ ಮೂಲೆ ತೋರಿಸಿ ದನಿ ತಗ್ಗಿಸಿದ. "ಅವರಪ್ಪ. ಬೆಳಿಗ್ಗೆಯಿಂದ ಅಲ್ಲೇ ಕೂತಿದಾರೆ. ಏನೂ ಕೇಳಲ್ಲ. ಹೋಗೋದೂ ಇಲ್ಲ."

ಮುದುಕ ಒಂದು ಹಳೆ ಸೀಟಿನ ಮೇಲೆ ನೆಟ್ಟಗೆ ಕೂತಿದ್ದ, ಬಸ್ಸು ಇನ್ನೇನು ಹೊರಡುತ್ತದೆ ಎನ್ನುವಂತೆ.

ಅವನು ಫೋಟೋ ತೆಗೆದ. ಮುಂದೆ, ಹಿಂದೆ, ಎಡ, ಬಲ. ಡ್ರೈವರನ ಬಾಗಿಲಿನ ಒಳಮೈಗೆ ಬಂದಾಗ ಕೈ ನಿಂತಿತು. ಇಲ್ಲಿತ್ತು. ಕಪ್ಪಲ್ಲ, ಕಂದಲ್ಲ, ಬೂದಿಯೂ ಅಲ್ಲ. ಪಾರಿವಾಳದ ಕತ್ತಿನ ಹಾಗೆ ಒಳಗೊಳಗೇ ನೀಲಿ ಮಿನುಗುವ ಮಸಿ. ಅವನ ಎದೆ ಹಗುರಾಯಿತು. ಬಹಳ ದಿನಗಳ ಮೇಲೆ ಅವನಿಗೆ ಸಂತೋಷವಾಗಿತ್ತು. ಜೇಬಿನಿಂದ ಮಾತ್ರೆಯ ಖಾಲಿ ಡಬ್ಬಿ ತೆಗೆದು, ಚಾಕುವಿನ ಬೆನ್ನಿನಿಂದ ಮೆಲ್ಲಗೆ ಕೆರೆದುಕೊಂಡ.

"ಏನ್ ತಗೊಂಡ್ರಿ ಸ್ವಾಮಿ?"

ಮುದುಕ ಹಿಂದೆಯೇ ನಿಂತಿದ್ದ.

"ಪರೀಕ್ಷೆಗೆ."

"ಏನ್ ಗೊತ್ತಾಗುತ್ತೆ ಅದ್ರಲ್ಲಿ?"

"ಬೆಂಕಿ ಎಲ್ಲಿಂದ ಶುರುವಾಯ್ತು ಅಂತ."

ಮುದುಕ ಡಬ್ಬಿಯನ್ನೇ ನೋಡಿದ. "ಅವ್ನು ಕೂರ್ತಿದ್ದಿದ್ದು ಈ ಕಡೆ."

"ಹೌದು."

"ಗೊತ್ತಾದ್ರೆ ನನಗೂ ಒಂದ್ ಮಾತು ಹೇಳ್ತೀರಾ?"

"ಹೇಳ್ತೀನಿ."

ಇಷ್ಟು ಸಲೀಸಾಗಿ ಹೇಳಿದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಮುದುಕ ಬದಿಗೆ ಸರಿದು ದಾರಿ ಬಿಟ್ಟ. ಬಿಟ್ಟ ಮೇಲೆ, "ಹುಷಾರಾಗಿ ಹಿಡ್ಕೊಳ್ಳಿ," ಎಂದ. "ಚೆಲ್ಲೀತು."

ಮನೆಯ ಬಾಗಿಲಲ್ಲಿ ಅತ್ತಿಗೆಯ ಚಪ್ಪಲಿಗಳಿದ್ದವು. ಅವಳು ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದಳು. ಒಳಕೋಣೆಯಲ್ಲಿ ಅಮ್ಮನ ಪದ್ಯ ನಡೆದಿತ್ತು. ತನ್ನ ಕೋಣೆಯ ಬಾಗಿಲು ತೆರೆದಿರುವುದನ್ನು ಅವನು ಹಾಲಿನಿಂದಲೇ ಕಂಡ.

ಅತ್ತಿಗೆ ಅವನ ಕುರ್ಚಿಯಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಟ್ಯಾಂಕು, ಇನ್ನೊಂದರಲ್ಲಿ ಒದ್ದೆ ಬಟ್ಟೆ.

"ಬೇಗ ಬಂದ್ರಾ," ಎಂದ.

ಅವಳು ತಿರುಗಲಿಲ್ಲ. "ಧೂಳು ಕೂತಿತ್ತು. ಒರೆಸಿಡೋಣ ಅಂತ. ನೋಡಿ, ಒರೆಸಿದಷ್ಟೂ ಬರ್ತಿದೆ."

ಧೂಳನ್ನು ಅವನೇ ಕೂರಿಸಿದ್ದ, ಚಕ್ರಗಳ ನಡುವೆ, ಚಿಟಿಕೆ ಚಿಟಿಕೆಯಾಗಿ. ಅದು ಹೋಗಿತ್ತು. ಅವಳ ಬೆರಳು ಒತ್ತಿದಲ್ಲೆಲ್ಲ ಹಸಿರು ಸುಲಿದು, ಮುದ್ದೆಗಟ್ಟಿ, ಬಟ್ಟೆಗೆ ಅಂಟಿತ್ತು. ಒಂದು ಮಗ್ಗುಲು ಪೂರ್ತಿ ತುಕ್ಕು.

ಅವನು ಬಗ್ಗಿ ನೋಡಿದ. ತಾನು ಕುಂಚದ ತುದಿಯಲ್ಲಿ ಉಸಿರು ಬಿಗಿಹಿಡಿದು ಎಬ್ಬಿಸಿದ್ದ ಚಕ್ಕೆಗಳೆಲ್ಲ ನಾಟಕ. ಇದು ಸರಿಯಾಗಿತ್ತು. ಸುಟ್ಟ ಮೈ ಹೀಗೇ ಸುಲಿಯುತ್ತದೆ. ಈಗ ಅಳು ಬರಬೇಕು ಎಂದು ಕಾದ. ಬರಲಿಲ್ಲ. ಎಡ ಮಗ್ಗುಲಲ್ಲಿ ಹಸಿರು ಇನ್ನೂ ಉಳಿದಿದೆ ಎಂಬುದಷ್ಟೇ ಹೊಳೆಯಿತು.

"ನಾನೇ ಹಾಳ್ಮಾಡಿದ್ನಾ?"

"ಇಲ್ಲ ಅತ್ತಿಗೆ."

"ಮೊದ್ಲೇ ಇತ್ತಾ ಒಳಗೆ?"

ಅವನು ಎಡ ಮಗ್ಗುಲಿಗೆ ಬೆರಳು ತೋರಿಸಿದ. "ಈ ಕಡೆ ಇನ್ನೂ ಸ್ವಲ್ಪ ಇದೆ," ಎಂದ. "ಅದನ್ನೂ ಒರೆಸಿ."

ಅವಳು ಒಮ್ಮೆ ಅವನ ಮುಖ ನೋಡಿದಳು. ಆಮೇಲೆ, ಹಿರಿಯರು ಹೇಳಿದ ಕೆಲಸ ಮಾಡುವವಳಂತೆ, ಎಡ ಮಗ್ಗುಲನ್ನೂ ಒರೆಸಿದಳು. ಮುಂದಿನ ಮುಚ್ಚಳದ ಅಂಚಿಗೆ ಉಗುರು ತೂರಿಸಿದಳು. ಉಗುರು ಜಾರಿತು. ಮತ್ತೆ ತೂರಿಸಿದಳು.

"ಇದು ತೆಗೆಯೋಕೆ ಬರಲ್ವಾ?"

"ಅಂಟಿಸಿಬಿಟ್ಟೆ."

"ಮತ್ತೆ ಅವರು?"

"ಒಳಗೆ ಯಾರೂ ಇಲ್ಲ ಅತ್ತಿಗೆ."

ಮೆಣಸಿನ ಕಾಳಿನಷ್ಟು ತಲೆ, ಮುಖ ಬರೆಯದ್ದು, ಮೇಜಿನ ಡ್ರಾಯರಿನಲ್ಲೇ ಇತ್ತು.

"ಟಿವಿ ಪಕ್ಕ..." ಎಂದು ಶುರುಮಾಡಿ ಅವಳು ಬಿಟ್ಟುಬಿಟ್ಟಳು. ಟ್ಯಾಂಕನ್ನು ಮೇಜಿನ ಮೇಲಿಟ್ಟಳು. ಇಡುವಾಗ ಅವನ ಕೈ ಕಣ್ಣಿಗೆ ಬಿತ್ತು.

"ಕೈಗೇನಾಯ್ತು?"

ಜೇಬಿನಲ್ಲಿ ಡಬ್ಬಿಯ ಮುಚ್ಚಳ ಬಿಚ್ಚಿಕೊಂಡಿತ್ತು. ದಾರಿಯುದ್ದಕ್ಕೂ ಅವನು ಅದನ್ನು ಬಿಗಿಯಾಗಿ ಹಿಡಿದುಕೊಂಡೇ ಬಂದಿದ್ದ.

"ಮಸಿ."

"ಎಲ್ಲೀದು?"

"ಆಫೀಸಿಂದು."

"ತನ್ನಿ ಇಲ್ಲಿ."

ಚಿಕ್ಕ ಹುಡುಗನ ಕೈ ಎಳೆದುಕೊಳ್ಳುವಂತೆ ಅವಳು ಅವನ ಕೈ ಎಳೆದುಕೊಂಡಳು. ಒಳಕೋಣೆಯಲ್ಲಿ ಅಮ್ಮ ಅರ್ಧ ಹೇಳಿ ನಿಂತಳು. ಮನೆಯೆಲ್ಲ ಉಳಿದರ್ಧಕ್ಕೆ ಕಾದಂತಿತ್ತು. ಅದು ಅವನ ನಾಲಿಗೆಯ ಮೇಲೇ ಇತ್ತು. ಅಮ್ಮ ಮುಂದಿನದಕ್ಕೆ ಹೋದಳು.

ಅದೇ ಬಟ್ಟೆ ಬೆರಳುಗಳ ಮೇಲೆ ಒಮ್ಮೆ ಹೋಗಿ ಬಂತು. ಬಟ್ಟೆ ಕಪ್ಪಾಯಿತು. ಬೆರಳುಗಳು ಕಪ್ಪಗೇ ಇದ್ದವು. ಅವಳು ಇನ್ನಷ್ಟು ಒತ್ತಿ ಒರೆಸತೊಡಗಿದಳು. ಅಡಿಯಿಂದ ಯಾವ ಬಣ್ಣ ಏಳುತ್ತದೋ ಎಂದು ಅವನು ಬಗ್ಗಿ ನೋಡುತ್ತಿದ್ದ.