ಬ್ಯಾಡರಹಳ್ಳಿ ಗುಂಡಿಯ ಚಿಪ್ಪುಸೀಗಡಿ

ನನ್ನಂಥ ಪೆದ್ದಿ ಹೆಗ್ಗನಹಳ್ಳಿಯಲ್ಲಿ ಇನ್ನೊಬ್ಬಳಿಲ್ಲ. ಯಾರೂ ಜೀವಂತ ನೋಡಿರದ ಪ್ರಾಣಿಯನ್ನು ಕೈಯಾರೆ ಬ್ಲೀಚಿಗೆ ಹಾಕಿದೆ.

ಅದೊಂದು ಚಿಪ್ಪುಸೀಗಡಿ. ಹೆಸರುಕಾಳಿನಷ್ಟು ಗಾತ್ರ, ಎರಡು ಚಿಪ್ಪಿನ ನಡುವೆ ಅವಿತುಕೊಂಡಿರುತ್ತದೆ. ಐದು ವರ್ಷದಿಂದ ನಾನು ಓದುತ್ತಿರುವುದು ಕಲ್ಲಿನಲ್ಲಿ ಅಚ್ಚಾದ ಇದರ ಪೂರ್ವಜರನ್ನು. ಕಲ್ಲಿನಲ್ಲಿ ಚಿಪ್ಪು ಉಳಿಯುತ್ತದೆ, ಕಾಲು ಉಳಿಯುವುದಿಲ್ಲ. ಹಿಂದಿನ ವಿಜ್ಞಾನಿಗಳು ಎರಡು ಚಿಪ್ಪಿನವುಗಳನ್ನೆಲ್ಲ ಒಂದೇ ಗುಂಪಿಗೆ ತುಂಬಿದ್ದರು. ಬದುಕಿರುವವುಗಳ ಕಾಲು ನೋಡಿದ ಮೇಲೆ ಆ ಗುಂಪೇ ಹಲವಾಗಿ ಒಡೆಯಿತು. ಡೈನೋಸಾರ್ ಯುಗದ ಒಂದು ವಂಶ ಮಾತ್ರ ಯಾವ ಗುಂಪಿನದೆಂದು ತಿಳಿಯದೆ ಉಳಿದಿತ್ತು. ಬ್ಯಾಡರಹಳ್ಳಿಯ ಮಳೆಗುಂಡಿಯಲ್ಲಿ ಅದೇ ಚಿಪ್ಪಿನ ಒಂದೇ ಒಂದು ಗಂಡು ನನಗೆ ಸಿಕ್ಕಿತು. ಹೆಣ್ಣನ್ನು ಹಿಡಿಯಲು ಗಂಡಿನ ಮುಂಗಾಲಲ್ಲಿ ಕೊಕ್ಕೆ ಇರುತ್ತದೆ. ಅದು ಇರುವುದಷ್ಟೇ ಲೆನ್ಸಿನಲ್ಲಿ ಕಂಡಿತ್ತು; ಅದರ ಆಕಾರವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದರೆ ವಂಶ ಇತ್ಯರ್ಥವಾಗುತ್ತಿತ್ತು.

ನಾನೋ, ಕಲ್ಲಿನ ಅಭ್ಯಾಸದವಳು. ಚಿಪ್ಪಿನ ಗೆರೆ ಸ್ಪಷ್ಟವಾಗಲೆಂದು ಮೊದಲು ಬ್ಲೀಚಿಗೆ ಅದ್ದಿದೆ. ಗೆರೆ ಚೆನ್ನಾಗಿ ಮೂಡಿತು, ಕಾಲೆಲ್ಲ ಕರಗಿಹೋಯಿತು.

“ಕಾಲಿನ ಫೋಟೋ ಎಲ್ಲಿ, ಶಿವರಂಜನಿ?” ಎಂದರು ನನ್ನ ಗೈಡ್ ಉದಯಕುಮಾರ್. ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. “ಬರೀ ಚಿಪ್ಪಿಟ್ಕೊಂಡು ಥೀಸಿಸ್ ಆಗಲ್ಲಮ್ಮ. ಮೊಟ್ಟೆ ಮಣ್ಣಲ್ಲಿ ವರ್ಷಗಟ್ಟಲೆ ಇರತ್ತೆ. ಇನ್ನೊಂದು ಗಂಡು ತಗೊಂಡ್ ಬಾ. ಒಂದು ತಿಂಗಳು ಕಾಯ್ತೀನಿ, ಅಷ್ಟೇ.”

ಬ್ಯಾಡರಹಳ್ಳಿಗೆ ಓಡಿದೆ. ಗುಂಡಿಯೇ ಇಲ್ಲ! ಜಾಗದ ಒಡತಿ ಬೋರಮ್ಮ ಕಟ್ಟಡದ ಕಸ ಸುರಿಸಿ ಮಟ್ಟ ಮಾಡಿಸಿದ್ದರು.

“ಆಂಟಿ, ನಿಮ್ಮ ಕಾಲಿಗೆ ಬೀಳ್ತೀನಿ, ಇಲ್ಲಿ ಅಗೀಲಾ?”

“ಏನ್ ಕಳ್ಕೊಂಡೆ ಮಗಳೇ, ಓಲೆನಾ?”

“ಸೀಗಡಿ, ಆಂಟಿ.”

“ಸೊಳ್ಳೆ ಗುಂಡೀಲಿ ಸೀಗಡಿನಾ? ತಲೆಗಿಲೆ ಕೆಟ್ಟಿದ್ಯಾ? ಅಗ್ಕೋ ಹೋಗು, ಸಂಜೆಗೆ ಮುಚ್ಬಿಡು.”

ಇಟ್ಟಿಗೆ ಚೂರು, ಟೈಲ್ಸು, ಗಾಜು. ಅಂಗೈಯ ಬೊಬ್ಬೆಗಳೆಲ್ಲ ಒಡೆದವು. ಸೊಂಟದಾಳದಲ್ಲಿ ಹಳೆಯ ಕೆಸರು ಸಿಕ್ಕಿತು. ಒಂದು ಬಕೆಟ್ ತುಂಬುವಷ್ಟರಲ್ಲಿ ಬದಿ ಕುಸಿದು ಎಲ್ಲ ಮುಚ್ಚಿಹೋಯಿತು, ಸಂಜೆಯೂ ಆಯಿತು.

ಮೊಟ್ಟೆ ಒಡೆಯಲೆಂದು ಮಣ್ಣನ್ನು ಒಣಗಿಸಿ, ಟಬ್ಬಿಗೆ ಹಾಕಿ, ಮಳೆನೀರು ಹೊಯ್ದು ಕಾದೆ. ಅನ್ನ ಸೇರಲಿಲ್ಲ. ಆರನೆಯ ದಿನ ಒಂದು ಚುಕ್ಕೆ ಮಿಸುಕಿತು. ಇನ್ನೂ ಬರುತ್ತವೆ ಎಂದುಕೊಂಡೆ, ಬರಲಿಲ್ಲ. ಇದ್ದೊಂದೇ ಜೀವಕ್ಕೆ ಏನೂ ಆಗದಿರಲಪ್ಪಾ ಎಂದು ಹಗಲೆಲ್ಲ ಟಬ್ಬಿನ ಪಕ್ಕವೇ ಕೂತೆ. ಇಪ್ಪತ್ತನೆಯ ದಿನ ಬಲಿತಿತು. ಲೆನ್ಸ್ ಹಿಡಿದೆ. ಮುಂಗಾಲು ಬೋಳಾಗಿತ್ತು, ಕೊಕ್ಕೆಯೇ ಇಲ್ಲ.

ಗೈಡ್ ಫೋನ್ ಮಾಡಿದರು. “ಗಂಡಾ?”

“ಹೆಣ್ಣು, ಸಾರ್.”

“ಮತ್ತೊಂದು?”

“ಮತ್ತೊಂದಿಲ್ಲ ಸಾರ್” ಎಂದು ಫೋನಿಟ್ಟು ಗೊಳೋ ಎಂದು ಅತ್ತೆ.